ಅರವತ್ತು ರೋಜಾದ ಭಯ: ಸಕ್ಕರೆ ಕಾಯಿಲೆ ಇರುವ ಅವ್ವ ರಂಜಾನ್ ಉಪವಾಸ ಇರಬಹುದೇ?

ಪ್ರಶ್ನೆ: ಡಾಕ್ಟರೇ, ನಾವು ಇಳಕಲ್‌ನವರು. ನಮ್ಮ ಅವ್ವನಿಗೆ 61 ವರ್ಷ. ಸಕ್ಕರೆ ಕಾಯಿಲೆ ಬಂದು 13 ವರ್ಷವಾಯಿತು. ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಪಿಗೆ ಮೆಟೊಪ್ರೊಲಾಲ್. ಕಣ್ಣಿಗೆ ದಿನಾ ಎರಡು ಸಲ ಡ್ರಾಪ್ಸ್. ಹೋದ ರಂಜಾನ್‌ನಲ್ಲಿ ಹನ್ನೊಂದನೇ ರೋಜಾದ (ಉಪವಾಸದ) ದಿನ ಮಧ್ಯಾಹ್ನ ನೇಯ್ಗೆಗೆ ಕಂಡಿಕೆ ಸುತ್ತುತ್ತಾ ಕೂತಿದ್ದರು. ಯಾಕೋ ನೂಲು ಪದೇ ಪದೇ ಹರಿಯುತ್ತಿತ್ತು. ಇಳಿಹೊತ್ತಿನ ಅಸರ್ ನಮಾಜಿಗೆ ಎದ್ದವರು ಗೋಡೆ ಹಿಡಿದು ಕುಸಿದರು. ಮೈಯೆಲ್ಲ ಬೆವರು, ಮಾತು ತೊದಲು. ನಾನೇ ಸಕ್ಕರೆ ನೀರು ಕುಡಿಸಿದೆ. ಹದಿನೈದು ನಿಮಿಷದಲ್ಲಿ ಸರಿಹೋದರು. ಆದರೆ ಎಚ್ಚರ ಬಂದ ಮೇಲೆ "ನನ್ನ ರೋಜಾ ಯಾಕ ಮುರಿದಿ" ಅಂತ ಅತ್ತರು. ಒಂದು ರೋಜಾ ಮುರಿದರೆ ಬಿಡದೆ 60 ರೋಜಾ ಇರಬೇಕು ಅಂತ ಓಣಿಯವರು ಹೇಳಿದ್ದಾರೆ. ಸೂಜಿ ಚುಚ್ಚಿ ರಕ್ತ ತೆಗೆದರೂ, ಕಣ್ಣಿಗೆ ಡ್ರಾಪ್ಸ್ ಹಾಕಿದರೂ ರೋಜಾ ಹೋಗುತ್ತದೆ ಅಂತಾರೆ. ಅದಾದ ಮೇಲೆ ಅವ್ವ "ತಿನ್ನೂದ ಇಲ್ಲ ಅಂದಮ್ಯಾಲ ಗುಳಗಿ ಯಾಕ" ಅಂತ ತಿಂಗಳು ಮುಗಿಯುವವರೆಗೆ ಮಾತ್ರೆಯನ್ನೇ ಬಿಟ್ಟರು. ಸಹರಿಗೆ, ಅಂದರೆ ರೋಜಾಕ್ಕೆ ಮುಂಚಿನ ನಸುಕಿನ ಊಟಕ್ಕೆ, ಒಂದು ಕಪ್ ಚಹಾ, ಎರಡು ಬಿಸ್ಕೀಟು ಅಷ್ಟೇ. ಈದ್ ಆದ ಮೇಲೆ ಮಾಡಿಸಿದಾಗ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 8.9 ಇತ್ತು. ಈ ಸಲ ಬೇಡ ಅಂದರೆ "ಸಣ್ಣಾಕಿ ಇದ್ದಾಗಿಂದ ಒಂದೂ ಬಿಟ್ಟಿಲ್ಲ" ಅಂತಾರೆ. ರಂಜಾನ್‌ಗೆ ಇನ್ನೂ ಎರಡು ತಿಂಗಳಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅವ್ವ ಈ ಸಲ ರೋಜಾ ಇರಬಹುದೋ ಇಲ್ಲವೋ ಅಂತ ಕೇಳಿದ್ದೀರಿ. ಅದರ ಹಿಂದೆ ಇನ್ನೊಂದು ನೋವೂ ಕಾಣಿಸಿತು. ಅವ್ವನ ರೋಜಾ ಮುರಿದದ್ದು ನಾನೇ, ಆ ತಪ್ಪು ನನ್ನದೇ ಅನ್ನುವ ಭಾರ ನಿಮ್ಮ ಮೇಲಿದೆ. ಮೊದಲು ಅದನ್ನು ಇಳಿಸಿ ಬಿಡಿ. ಆವತ್ತು ನೀವು ಮಾಡಿದ್ದು ಸರಿ. ಬೆವರು, ತೊದಲು, ಕುಸಿತ, ಸಕ್ಕರೆ ನೀರು ಕುಡಿದ ಹದಿನೈದು ನಿಮಿಷಕ್ಕೆ ಚೇತರಿಕೆ. ರಕ್ತದಲ್ಲಿ ಸಕ್ಕರೆ ಕುಸಿದಾಗ ಆಗುವುದೇ ಹೀಗೆ. ನೀವು ಸಂಜೆ ರೋಜಾ ಬಿಡುವ ಇಫ್ತಾರ್‌ವರೆಗೆ ಕಾದಿದ್ದರೆ ಈ ಪತ್ರ ಬೇರೆ ಥರ ಇರುತ್ತಿತ್ತು.

ಒಂದು ಎಚ್ಚರಿಕೆ ಮಾತ್ರ ನೆನಪಿಡಿ. ಆವತ್ತು ಅವರು ನುಂಗುವಷ್ಟು ಎಚ್ಚರ ಇದ್ದರು, ಹಾಗಾಗಿ ಕುಡಿಸಿದ್ದು ಸರಿ. ಪೂರ್ತಿ ಎಚ್ಚರ ತಪ್ಪಿದವರ ಬಾಯಿಗೆ ಯಾವತ್ತೂ ನೀರು ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ.

ನಾನು ಫತ್ವಾ ಕೊಡುವವನಲ್ಲ. ವಿಜಯಪುರದಲ್ಲಿ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯವರನ್ನು ನೋಡುತ್ತಿರುವ ಡಾಕ್ಟರು, ಅಷ್ಟೇ. ಆದರೆ ಈ ಊರಲ್ಲಿ ರೋಜಾ ವಿಷಯ ಗೊತ್ತಿಲ್ಲದೆ ಸಕ್ಕರೆ ಕಾಯಿಲೆಗೆ ಚಿಕಿತ್ಸೆ ಕೊಡಲು ಆಗುವುದಿಲ್ಲ. ಅದಕ್ಕೇ ಪ್ರತಿ ವರ್ಷ ರಂಜಾನ್‌ನ ಹಿಂದಿನ ಶಾಬಾನ್ ತಿಂಗಳಿಗೆ ಮುಂಚೆ ನಮ್ಮ ಓಣಿಯ ಮೌಲಾನಾ ಸಾಹೇಬರ ಹತ್ತಿರ ಕೂತು ಕೇಳಿ ತಿಳಿದುಕೊಳ್ಳುತ್ತೇನೆ. ಧರ್ಮದ ವಿಷಯವಾಗಿ ಕೆಳಗೆ ಬರೆದಿರುವುದು ಹಾಗೆ ಕಲಿತದ್ದು. ನೀವೂ ನಿಮ್ಮ ಇಳಕಲ್‌ನ ಆಲಿಮರನ್ನು (ಧರ್ಮ ಬಲ್ಲ ವಿದ್ವಾಂಸರನ್ನು) ಒಮ್ಮೆ ಕೇಳಿ. ಅವ್ವನನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಕಿವಿಗೇ ಬೀಳಲಿ.

ಮೊದಲು ಆ ಅರವತ್ತರ ಮಾತು. ಎಲ್ಲದಕ್ಕಿಂತ ದೊಡ್ಡ ಗಂಟು ಇದೇ ಅಂತ ನನಗೆ ಅನ್ನಿಸುತ್ತದೆ. 60 ದಿನ ಸತತ ರೋಜಾ ಅನ್ನುವುದಕ್ಕೆ ಕಫ್ಫಾರಾ ಅಂತಾರೆ. ಅದು ಯಾವ ಕಾರಣವೂ ಇಲ್ಲದೆ, ಬೇಕಂತಲೇ ರಂಜಾನ್ ರೋಜಾ ಮುರಿದವರಿಗೆ. ಕಾಯಿಲೆಯಿಂದ, ಜೀವಕ್ಕೆ ಅಪಾಯ ಅನ್ನಿಸಿ ಮುರಿದರೆ ಕಫ್ಫಾರಾ ಬರುವುದಿಲ್ಲ. ಒಂದಕ್ಕೆ ಒಂದು, ಮುಂದೆ ಆರೋಗ್ಯ ಸರಿಯಿದ್ದಾಗ ಒಂದು ದಿನ ಖಜಾ (ತಪ್ಪಿದ್ದನ್ನು ತೀರಿಸುವ) ರೋಜಾ ಇದ್ದರೆ ಮುಗಿಯಿತು. ಅದೂ ಆಗದ ಸ್ಥಿತಿ ಇದ್ದರೆ ಫಿದ್ಯಾ, ಅಂದರೆ ತಪ್ಪಿದ ಒಂದೊಂದು ರೋಜಾಕ್ಕೆ ಒಬ್ಬ ಬಡವನ ಊಟ. ಕುರಾನಿನ ಎರಡನೇ ಅಧ್ಯಾಯ ಅಲ್ ಬಕರಾದಲ್ಲಿ ರೋಜಾ ಕಡ್ಡಾಯ ಅಂತ ಹೇಳುವುದು 183ನೇ ಆಯತ್. ಅದರ ಮುಂದಿನ 184ರಲ್ಲೇ ರೋಗಿಗಳಿಗೂ ಪ್ರಯಾಣದಲ್ಲಿರುವವರಿಗೂ ವಿನಾಯಿತಿ ಇದೆ. 185ರಲ್ಲಿ ಅದನ್ನೇ ಇನ್ನೊಂದು ಸಲ ಹೇಳಿ, ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಅನ್ನುವ ಮಾತು ಬರುತ್ತದೆ. ನೋಡಿ, ಕಟ್ಟಳೆ ಮತ್ತು ಸಡಿಲಿಕೆ ನಡುವೆ ಒಂದು ಪುಟದ ಅಂತರವೂ ಇಲ್ಲ. ಎರಡೂ ಒಟ್ಟಿಗೇ ಬಂದಿವೆ.

ಅರವತ್ತರ ಭಯ ಇರುವವರು ಏನು ಮಾಡುತ್ತಾರೆ ಗೊತ್ತಾ? ಕೈ ನಡುಗಿದರೂ ಹೇಳುವುದಿಲ್ಲ. ತಲೆ ತಿರುಗಿದರೆ ಒಳಗೆ ಹೋಗಿ ಮಲಗುತ್ತಾರೆ. ಮನೆಯವರು ನಿದ್ದೆ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಾನು ನೋಡಿರುವ ಕೆಟ್ಟ ಕೇಸುಗಳು ಹೆಚ್ಚಿನವು ಹೀಗೆ "ಮಲಗಿದ್ದವರು" ಆಗಿ ಬಂದವು.

ಇನ್ನು ಸೂಜಿ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿದರೆ ರೋಜಾ ಮುರಿಯುವುದಿಲ್ಲ. ಕಣ್ಣಿನ ಡ್ರಾಪ್ಸ್‌ನಿಂದಲೂ ಇಲ್ಲ. ಇನ್ಸುಲಿನ್ ಇಂಜೆಕ್ಷನ್‌ನಿಂದಲೂ ಇಲ್ಲ, ಯಾಕೆಂದರೆ ಅದು ಆಹಾರವಲ್ಲ. ಜಗತ್ತಿನ ಬೇರೆ ಬೇರೆ ದೇಶಗಳ ವಿದ್ವಾಂಸರಿರುವ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1997ರಲ್ಲಿ ಜೆಡ್ಡಾದಲ್ಲಿ ಸೇರಿದಾಗ ಈ ಮೂರನ್ನೂ ರೋಜಾ ಮುರಿಯದ ಪಟ್ಟಿಯಲ್ಲಿ ಇಟ್ಟಿತು. ಗ್ಲುಕೋಸ್ ಬಾಟಲಿ, ಅಸ್ತಮಾದ ಪಂಪು ಇವುಗಳ ಬಗ್ಗೆ ಆಲಿಮರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ನಿಮ್ಮ ಅವ್ವನಿಗೆ ಅವುಗಳ ಪ್ರಶ್ನೆ ಇಲ್ಲ, ಬಿಡಿ. ಗ್ಲುಕೋಸ್ ಬಾಟಲಿ ಏರಿಸುವ ಸ್ಥಿತಿ ಬಂದವರು ಆ ದಿನ ರೋಜಾ ಇರಲೇಬಾರದು.

ಈಗ ದೇಹದೊಳಗೆ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅವ್ವನಿಗೂ ಓದಿ ಹೇಳಿ.

ಸಹರಿಯಲ್ಲಿ ತಿಂದದ್ದು ಕೆಲವು ಗಂಟೆ ನಡೆಯುತ್ತದೆ. ಆಮೇಲೆ ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತಾ ಹೋಗುತ್ತದೆ. ಮನೆಯ ಹಗೇವಿನಿಂದ ದಿನಾ ಒಂದೊಂದು ಸೇರು ಜೋಳ ತೆಗೆದ ಹಾಗೆ. ಆರೋಗ್ಯವಂತರಿಗೆ ಇಷ್ಟರಲ್ಲೇ ದಿನ ಸಾಗುತ್ತದೆ. ಸಕ್ಕರೆ ಕಡಿಮೆಯಾಗುತ್ತಿದೆ ಅನ್ನುವುದು ಗೊತ್ತಾದ ತಕ್ಷಣ ಮೇದೋಜೀರಕ ಗ್ರಂಥಿ ಇನ್ಸುಲಿನ್ ನಿಲ್ಲಿಸುತ್ತದೆ. ಆದರೆ ಅವ್ವ ತಿನ್ನುವ ಗ್ಲಿಮಿಪಿರೈಡ್ ಏನು ಮಾಡುತ್ತದೆ ಅಂದರೆ, ಊಟ ಮಾಡಿರಲಿ ಬಿಟ್ಟಿರಲಿ, ಇನ್ಸುಲಿನ್ ಬಿಡು ಅಂತ ಆ ಗ್ರಂಥಿಯನ್ನು ತಳ್ಳುತ್ತಲೇ ಇರುತ್ತದೆ. ಅದರ ಕೆಲಸ ಹೆಚ್ಚುಕಮ್ಮಿ ಇಡೀ ದಿನ ಇರುತ್ತದೆ. ಹೊಟ್ಟೆಗೆ ಬಿದ್ದದ್ದು ಚಹಾ ಮತ್ತು ಎರಡು ಬಿಸ್ಕೀಟು. ಹಗೇವು ಖಾಲಿಯಾಗುತ್ತಾ ಬಂತು, ತಳ್ಳುವವನು ನಿಲ್ಲಲಿಲ್ಲ. ಅಸರ್ ಹೊತ್ತಿಗೆ ಕುಸಿದರು. ಲೆಕ್ಕ ಸರಿಯಾಗಿ ಕೂಡುತ್ತದೆ. ಮಾತ್ರೆಯಲ್ಲಿರುವ ಇನ್ನೊಂದು ಔಷಧಿ ಮೆಟ್‌ಫಾರ್ಮಿನ್, ಅದೊಂದೇ ಇದ್ದರೆ ಹೀಗೆ ಸಕ್ಕರೆಯನ್ನು ಕುಸಿಯುವಂತೆ ಮಾಡುವುದು ಅಪರೂಪ.

ಇದರ ಮೇಲೆ ಬಿಪಿಯ ಮೆಟೊಪ್ರೊಲಾಲ್. ಒಳ್ಳೆಯ ಔಷಧಿ, ಅದನ್ನು ದೂರುತ್ತಿಲ್ಲ. ಆದರೆ ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಇವನ್ನು ಅದು ಮುಚ್ಚಿಬಿಡುತ್ತದೆ. ಜೊತೆಗೆ 13 ವರ್ಷದ ಕಾಯಿಲೆ ನರಗಳನ್ನೂ ಮಂಕು ಮಾಡಿರಬಹುದು. ಗಂಟೆ ಬಾರಿಸುವವನೇ ಮಲಗಿಬಿಟ್ಟ ಹಾಗೆ. ನಡುಕ ಜೋರಾಗಿ ಬರುವುದಿಲ್ಲ, ನೇರವಾಗಿ ತೊದಲು, ಗೊಂದಲ, ಕುಸಿತ.

ಅದಕ್ಕೇ ನೀವು ಬರೆದ ಆ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ನೂಲು ಪದೇ ಪದೇ ಹರಿಯುತ್ತಿತ್ತು. ಎಷ್ಟೋ ವರ್ಷ ಕಂಡಿಕೆ ಸುತ್ತಿದ ಕೈಯಲ್ಲಿ ಸುಮ್ನೆ ನೂಲು ಹರಿಯುವುದಿಲ್ಲ. ಬೇರೆ ಲಕ್ಷಣಗಳನ್ನು ಔಷಧಿ ಮುಚ್ಚಿದರೂ ಬೆರಳು ಸುಳಿವು ಕೊಟ್ಟಿತ್ತು. ಮನೆಯವರೆಲ್ಲರಿಗೂ ಹೇಳಿಡಿ: ಅವ್ವನ ಕೈಯಲ್ಲಿ ನೂಲು ಹರಿಯತೊಡಗಿದರೆ, ಒಂದೇ ಮಾತು ಎರಡು ಸಲ ಆಡಿದರೆ, ಸುಮ್ಮಸುಮ್ಮನೆ ಸಿಡುಕಿದರೆ, ತಣ್ಣನೆ ಬೆವರು ಬಂದರೆ, ಕೂಡಲೇ ಸಕ್ಕರೆ ನೋಡಬೇಕು.

ಇದು ನಿಮ್ಮ ಮನೆಯ ಕಥೆ ಮಾತ್ರ ಅಲ್ಲ. 2001ರಲ್ಲಿ ನಮ್ಮ ದೇಶವೂ ಸೇರಿ 13 ದೇಶಗಳಲ್ಲಿ 12,000ಕ್ಕೂ ಜಾಸ್ತಿ ಸಕ್ಕರೆ ಕಾಯಿಲೆಯ ಮುಸ್ಲಿಮರನ್ನು ಗಮನಿಸಿ ಎಪಿಡಯಾರ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ನಿಮ್ಮ ಅವ್ವನಿಗಿರುವಂಥ ಎರಡನೇ ಬಗೆಯ (ಟೈಪ್ 2) ಕಾಯಿಲೆಯವರಲ್ಲಿ, ಆಸ್ಪತ್ರೆ ಸೇರುವಷ್ಟು ತೀವ್ರವಾಗಿ ಸಕ್ಕರೆ ಇಳಿಯುವುದು ಉಳಿದ ತಿಂಗಳುಗಳಿಗಿಂತ ರಂಜಾನ್‌ನಲ್ಲಿ 7.5 ಪಟ್ಟು ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ ಈ ಬಗೆಯ ರೋಗಿಗಳ ಪೈಕಿ ನೂರಕ್ಕೆ ಸುಮಾರು 79 ಜನ ಕನಿಷ್ಠ 15 ದಿನ ರೋಜಾ ಇದ್ದರು. ಅಂದರೆ ಡಾಕ್ಟರು ಬೇಡ ಅಂದರೂ ಜನ ಇರುತ್ತಾರೆ. ನಾವು ಡಾಕ್ಟರುಗಳು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದು.

ನನಗೆ ಇದನ್ನು ಕಲಿಸಿದವರು ಒಬ್ಬ ಅಜ್ಜಿ. ಶುರುವಿನ ವರ್ಷಗಳಲ್ಲಿ ನಾನು ಎಲ್ಲರಿಗೂ "ರೋಜಾ ಬೇಡ" ಅಂತ ಒಂದೇ ಮಾತಲ್ಲಿ ಹೇಳಿ ಕಳಿಸುತ್ತಿದ್ದೆ. ಆ ಅಜ್ಜಿಗೂ ಹಾಗೇ ಹೇಳಿದೆ. ಅವರು ತಲೆಯಾಡಿಸಿ ಹೋದರು. ಆಮೇಲೆ ತಿಂಗಳಿಡೀ ಬರಲೇ ಇಲ್ಲ. ರೋಜಾ ಇದ್ದರು, ನನ್ನಿಂದ ಬಚ್ಚಿಟ್ಟು ಇದ್ದರು. ಈದ್ ಆದ ನಾಲ್ಕನೇ ದಿನ ಸೊಸೆ ಕರೆದುಕೊಂಡು ಬಂದಾಗ ಸಕ್ಕರೆ 460. ಸಿಟ್ಟು ಬಂತು, ಆದರೆ ಅವರ ಮೇಲೆ ಅಲ್ಲ. ನಾನು ಬೇಡ ಅಂದಿದ್ದೆನೇ ಹೊರತು, ಇದ್ದರೆ ಹೇಗೆ ಅಂತ ಹೇಳಿರಲಿಲ್ಲ. ಅವತ್ತಿನಿಂದ ಆ ಎರಡನ್ನೂ ಹೇಳುತ್ತೇನೆ.

ಇನ್ನೊಂದು ಸಂಜೆ ಮರೆಯಲಾಗದ್ದು. ಮಾರ್ಚ್ ನಡುವಿನ ರಂಜಾನ್. ಐದೂಮುಕ್ಕಾಲಿಗೆ ಐವತ್ತರ ಆಸುಪಾಸಿನ ಒಬ್ಬ ಹಣ್ಣಿನ ವ್ಯಾಪಾರಿಯನ್ನು ಮಗ ಬೈಕಿನ ಹಿಂದೆ ಕೂರಿಸಿಕೊಂಡು ತಂದ. ಅಂಗಿ ಬೆನ್ನಿಗೆ ಅಂಟಿತ್ತು. ಮೀಟರ್‌ನಲ್ಲಿ 52. ಎಡಗೈ ಮುಷ್ಟಿಯಲ್ಲಿ ಒಂದು ಖರ್ಜೂರ, ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು. ತಿನ್ನಿ ಅಂದೆ. "ಇನ್ನ ಐವತ್ತು ನಿಮಿಷ ಐತ್ರಿ ಸರ್" ಅಂದರು. ಆ ಕಂಗಳಲ್ಲಿ ಹಟ ಇರಲಿಲ್ಲ. ಬೆಳಗ್ಗಿನಿಂದ ಹೊತ್ತು ತಂದದ್ದನ್ನು ಹೊಸ್ತಿಲ ಹತ್ತಿರ ಚೆಲ್ಲಬೇಕಲ್ಲ ಅನ್ನುವ ಸಂಕಟ ಇತ್ತು. ಅವರ ಪಕ್ಕದಲ್ಲಿ ಕೂತು ಮೌಲಾನಾ ಸಾಹೇಬರಿಗೆ ಫೋನ್ ಹಚ್ಚಿ ಅವರ ಕಿವಿಗೆ ಕೊಟ್ಟೆ. ಆ ಕಡೆಯಿಂದ ಏನು ಹೇಳಿದರೋ ಪೂರ್ತಿ ಕೇಳಲಿಲ್ಲ. ಇವರು "ಜೀ" ಅಂದರು, ಬಿಸ್ಮಿಲ್ಲಾ ಹೇಳಿದರು, ಮುಷ್ಟಿ ಬಿಚ್ಚಿದರು. ಖರ್ಜೂರ ಒಂದು ಸಾಲದು, ಮೂರು ಚಮಚ ಸಕ್ಕರೆಯ ನೀರೂ ಕೊಟ್ಟೆವು. ಕಾಲು ಗಂಟೆಗೆ 94.

ಆ ಫೋನು ಸಂಜೆ ಐದೂಮುಕ್ಕಾಲಿಗೆ ಅಲ್ಲ, ಎರಡು ತಿಂಗಳು ಮುಂಚೆ ಆಗಬೇಕಿತ್ತು. ಸಕ್ಕರೆ 52ಕ್ಕೆ ಇಳಿದಾಗ ತಲೆ ನೆಟ್ಟಗೆ ಯೋಚಿಸುವುದಿಲ್ಲ. ಎಲ್ಲಿ ಮುರಿಯಬೇಕು ಅನ್ನುವ ತೀರ್ಮಾನವನ್ನು ಸಮಾಧಾನ ಇರುವಾಗಲೇ ಮಾಡಿ ಇಡಬೇಕು. ನೀವು ಎರಡು ತಿಂಗಳು ಇರುವಾಗಲೇ ಬರೆದದ್ದು ಅದಕ್ಕೇ ನನಗೆ ತುಂಬಾ ಖುಷಿ ಕೊಟ್ಟಿತು.

ಮಾತ್ರೆ ಪೂರ್ತಿ ಬಿಟ್ಟದ್ದು ಇದರ ಇನ್ನೊಂದು ತುದಿ. ತಿನ್ನದಿದ್ದರೂ ಯಕೃತ್ತು ಸಕ್ಕರೆ ಬಿಡುತ್ತಲೇ ಇರುತ್ತದೆ ಅಂದೆನಲ್ಲ, ಅದಕ್ಕೆ ಹಿಡಿತ ಹಾಕುವುದು ಔಷಧಿ. ಆ ಹಿಡಿತ ಇಲ್ಲದಾಗ ಹಗಲೂ ಸಕ್ಕರೆ ಏರುತ್ತದೆ, ಇಫ್ತಾರ್ ಆದ ಮೇಲಂತೂ ಕೇಳುವುದೇ ಬೇಡ. ಸಕ್ಕರೆ ಏರಿದರೆ ಮೂತ್ರ ಜಾಸ್ತಿ, ನೀರು ಕುಡಿಯುವಂತಿಲ್ಲ, ದೇಹ ಒಣಗುತ್ತದೆ. ಮೂತ್ರಪಿಂಡಕ್ಕೂ ಹೃದಯಕ್ಕೂ ಏಟು. ಅವ್ವ ಒಂದು ಗಂಡಾಂತರಕ್ಕೆ ಹೆದರಿ ಇನ್ನೊಂದರ ಕೈಗೆ ಸಿಕ್ಕರು. ಕಣ್ಣಿನ ಡ್ರಾಪ್ಸ್ ಬಿಟ್ಟಿದ್ದರೆ ಅದನ್ನೂ ಕಣ್ಣಿನ ಡಾಕ್ಟರಿಗೆ ತಿಳಿಸಿ.

ಹಾಗಾದರೆ ಈ ಸಲ ಏನು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ರೋಜಾ ಇರುವ ಸಕ್ಕರೆ ಕಾಯಿಲೆಯವರಿಗೆ ಎಷ್ಟು ಅಪಾಯ ಅಂತ ಅಂಕ ಹಾಕುವ ಒಂದು ಕ್ರಮವನ್ನು ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ 2021ರಲ್ಲಿ ತಂದಿದೆ. ವಯಸ್ಸು, ಕಾಯಿಲೆಯ ವರ್ಷ, ಎಚ್‌ಬಿಎ1ಸಿ, ಮೂತ್ರಪಿಂಡ, ಹಿಂದೆ ಸಕ್ಕರೆ ಕುಸಿದ ಅನುಭವ, ಮಾಡುವ ಕೆಲಸ, ಎಲ್ಲಕ್ಕೂ ಅಂಕ. 6 ದಾಟಿದರೆ ಹೆಚ್ಚಿನ ಅಪಾಯ, ರೋಜಾ ಬೇಡ ಅಂತ ಸಲಹೆ. ಬೇರೆಯವರ ನೆರವು ಬೇಕಾಗುವಷ್ಟು ಸಕ್ಕರೆ ಕುಸಿದವರಿಗೆ ಅದೊಂದಕ್ಕೇ ದೊಡ್ಡ ಅಂಕ ಬೀಳುತ್ತದೆ. ಅದರ ಜೊತೆ 13 ವರ್ಷದ ಕಾಯಿಲೆಯೂ ಸೇರುತ್ತದೆ. ನಿಮ್ಮ ಅವ್ವ ಈಗಿರುವ ಸ್ಥಿತಿಯಲ್ಲಿ, ಈಗಿರುವ ಮಾತ್ರೆಯಲ್ಲಿ, ಈ ರಂಜಾನ್ ರೋಜಾ ಇರಬಾರದು ಅನ್ನುವುದೇ ನನ್ನ ಸಲಹೆ.

ಇದನ್ನು ಅವ್ವನಿಗೆ ಹೇಗೆ ಹೇಳುವುದು? "ಒಂದೂ ಬಿಟ್ಟಿಲ್ಲ" ಅಂದರು ಅಂತ ಬರೆದಿದ್ದೀರಿ. ಮೆಲ್ಲಗೆ ಒಂದು ಮಾತು ಕೇಳಿ ನೋಡಿ. ಮುಟ್ಟಿನ ದಿನಗಳಲ್ಲಿ ಏನು ಮಾಡುತ್ತಿದ್ದಿರಿ? ನನ್ನನ್ನು ಹೆತ್ತ ವರ್ಷ ರಂಜಾನ್ ಬಂದಾಗ ಏನು ಮಾಡಿದಿರಿ? ಆ ದಿನಗಳಲ್ಲಿ ರೋಜಾ ಇರುವಂತಿಲ್ಲ, ಅವರು ಇರಲಿಲ್ಲ, ಆಮೇಲೆ ಎಣಿಸಿ ಎಣಿಸಿ ಖಜಾ ತೀರಿಸಿದರು. ಆಗ ಯಾರೂ ಅವರ ಭಕ್ತಿ ಕಡಿಮೆ ಅನ್ನಲಿಲ್ಲ, ಅವರಿಗೂ ಹಾಗೆ ಅನ್ನಿಸಿರಲಿಕ್ಕಿಲ್ಲ. ದೇಹದ ಸ್ಥಿತಿ ನೋಡಿ ನಿಲ್ಲುವುದು, ಆಮೇಲೆ ತೀರಿಸುವುದು, ಇದು ಹೆಣ್ಣುಮಕ್ಕಳಿಗೆ ಡಾಕ್ಟರು ಕಲಿಸಬೇಕಾದ ಪಾಠವೇ ಅಲ್ಲ. ಅವರು ಅದರ ಜೊತೆಗೇ ಬದುಕಿದ್ದಾರೆ. ಇದೂ ಅದೇ ಕಟ್ಟಳೆ, ಕಾರಣ ಬೇರೆ ಅಷ್ಟೇ. ತಾನು ಕೊಟ್ಟ ವಿನಾಯಿತಿಯನ್ನು ಜನ ಬಳಸಿಕೊಳ್ಳುವುದು ಅಲ್ಲಾಹನಿಗೆ ಪ್ರಿಯ ಅಂತ ಹದೀಸೂ (ಪ್ರವಾದಿಯವರ ಮಾತು) ಇದೆ. ಇಸ್ಲಾಮಿನ ಧರ್ಮಶಾಸ್ತ್ರ ಪಂಥಗಳಲ್ಲಿ ಒಂದಾದ ಹನಫಿ ಪದ್ಧತಿಯಲ್ಲಿ, ರೋಜಾದಿಂದ ಕೆಡುಕಾಗುತ್ತದೆ ಅಂತ ನಿರ್ಧರಿಸಲು ನುರಿತ, ನಂಬಿಕಸ್ಥ ವೈದ್ಯರ ಮಾತಿನ ಜೊತೆಗೆ ಸ್ವಂತ ಅನುಭವವೂ ಲೆಕ್ಕಕ್ಕೆ ಬರುತ್ತದೆ ಅಂತ ಮೌಲಾನಾ ಸಾಹೇಬರು ನನಗೆ ಹೇಳಿದ್ದರು. ಅವ್ವನಿಗೆ ಆ ಅನುಭವ ಹನ್ನೊಂದನೇ ರೋಜಾದಲ್ಲಿ ಆಗಿದೆ.

ರೋಜಾ ಬಿಡುವ ಈ ಮೊದಲ ದಾರಿಯಲ್ಲೂ ಒಂದು ತೊಂದರೆ ಇದೆ, ಮುಚ್ಚಿಡುವುದಿಲ್ಲ. ಮನೆಯಲ್ಲಿ ಎಲ್ಲರೂ ರೋಜಾ ಇರುವಾಗ ತಾನೊಬ್ಬಳೇ ಮಧ್ಯಾಹ್ನ ಒಲೆಯ ಮುಂದೆ ಕೂತು ಉಣ್ಣುವುದು ಅವರಿಗೆ ನಾಚಿಕೆ. ಹಾಗಾಗಿ ಉಣ್ಣುವುದೇ ಇಲ್ಲ. ಹೆಸರಿಗೆ ರೋಜಾ ಇಲ್ಲ, ಹೊಟ್ಟೆಗೆ ಊಟವೂ ಇಲ್ಲ, ಮಾತ್ರೆ ಮಾತ್ರ ಪೂರ್ತಿ. ಇದು ರೋಜಾಕ್ಕಿಂತ ಅಪಾಯ. ಮಧ್ಯಾಹ್ನ ಒಂದು ಗಂಟೆಗೆ ಅವರ ತಾಟು ನೀವೇ ಬಡಿಸಿ ಪಕ್ಕದಲ್ಲಿ ಕೂತುಕೊಳ್ಳಿ. ಸಹರಿಗೆ ಎಬ್ಬಿಸಿ, ಕುರಾನ್ ಓದು, ರಾತ್ರಿಯ ತರಾವೀಹ್ ನಮಾಜ್, ಇಫ್ತಾರ್ ತಾಟು ಜೋಡಿಸುವುದು ಯಾವುದರಿಂದಲೂ ದೂರ ಇಡಬೇಡಿ. ಫಿದ್ಯಾ ಕೊಡುವುದೇ ಆದರೆ ಅವರ ಕೈಯಿಂದಲೇ ಕೊಡಿಸಿ. ಒಂದು ರೋಜಾಕ್ಕೆ ಎಷ್ಟು ಅನ್ನುವುದನ್ನು ಸಾಮಾನ್ಯವಾಗಿ ಫಿತ್ರಾದ (ಈದ್‌ಗೆ ಮುಂಚೆ ಕೊಡುವ ದಾನದ) ಅಳತೆಯಲ್ಲೇ ಗೋಧಿಯಲ್ಲೋ ಹಣದಲ್ಲೋ ಹೇಳುತ್ತಾರೆ. ಅದನ್ನೂ, ಅವರಿಗೆ ಖಜಾವೋ ಫಿದ್ಯಾವೋ ಅನ್ನುವುದನ್ನೂ ನಿಮ್ಮ ಮಸೀದಿಯಲ್ಲೇ ಕೇಳಿ.

ಎರಡನೇ ದಾರಿ ನನಗೆ ಇಷ್ಟವಾದದ್ದು. ಈ ಎರಡು ತಿಂಗಳಲ್ಲೇ ಔಷಧಿ ಬದಲಿಸಿ, ಸಕ್ಕರೆ ಹದಕ್ಕೆ ತಂದು, ರಂಜಾನ್ ದಾಟಿದ ಮೇಲೆ ಚಳಿಗಾಲದಲ್ಲಿ ಬಿಡಿಬಿಡಿಯಾಗಿ ಖಜಾ ಇಡುವುದು. ವಾರಕ್ಕೆ ಒಂದೋ ಎರಡೋ. ನಮ್ಮ ಕಡೆ ಮೇ ಕೊನೆಯಲ್ಲಿ ನಸುಕಿನ ಫಜ್ರ್‌ನಿಂದ ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್‌ಗೆ 14 ಗಂಟೆ ದಾಟುತ್ತದೆ, ಡಿಸೆಂಬರ್‌ನಲ್ಲಿ ಹನ್ನೆರಡೂವರೆ ಗಂಟೆ. ಗಂಟೆಗಿಂತ ಮುಖ್ಯ ಬಿಸಿಲು. 2018, 2019ರಲ್ಲಿ ರಂಜಾನ್ ಮೇ-ಜೂನ್‌ನಲ್ಲಿ ಬಂದಿತ್ತು. ಆ ಬೇಸಿಗೆಯಲ್ಲಿ ನೀರಿಲ್ಲದೆ ಒಣಗಿ ಬಂದವರನ್ನು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಚಾಂದ್ರಮಾನ ವರ್ಷ 354 ದಿನದ್ದು, ಹಾಗಾಗಿ ರಂಜಾನ್ ವರ್ಷಕ್ಕೆ 10-11 ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಮಾರ್ಚ್ 2ಕ್ಕೆ ಶುರುವಾಗಿತ್ತು. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಬರುತ್ತದೆ. ಮುಂದಿನ ಕೆಲವು ವರ್ಷ ತಂಪಾದ ದಿನಗಳೇ. ಈ ವರ್ಷ ತಪ್ಪಿಸಿ ದೇಹ ಸರಿ ಮಾಡಿಕೊಂಡರೆ ಮುಂದಿನ ರಂಜಾನ್‌ಗಳು ಅವ್ವನಿಗೆ ಸಿಗುವ ಸಾಧ್ಯತೆ ಇದೆ ಅಂತ ಹೇಳಿ. ಇದು ಸುಮ್ನೆ ಸಮಾಧಾನದ ಮಾತಲ್ಲ. ಕೆಲವು ರೋಗಿಗಳಲ್ಲಿ ಇದನ್ನು ಕಂಡಿದ್ದೇನೆ.

ಮೂರನೆಯದು, ಎಷ್ಟು ಹೇಳಿದರೂ ಅವ್ವ ಈ ರಂಜಾನ್‌ನಲ್ಲೇ ಇರುತ್ತೇನೆ ಅಂದರೆ. ಆಗ ನಾನು ಬಾಗಿಲು ಹಾಕುವುದಿಲ್ಲ, ನಿಮ್ಮ ಡಾಕ್ಟರೂ ಹಾಕಬಾರದು. ಈ ವಾರವೇ ಅವರನ್ನು ಕಂಡು ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಗ್ಲಿಮಿಪಿರೈಡ್ ಬದಲು ಸಕ್ಕರೆಯನ್ನು ಕುಸಿಯುವಂತೆ ಮಾಡುವುದು ಅಪರೂಪವಾದ ಗ್ಲಿಪ್ಟಿನ್ ಗುಂಪಿನ ಮಾತ್ರೆ ಆಗುತ್ತದೆಯಾ ಕೇಳಿ. ಅದಾಗದಿದ್ದರೆ ಗ್ಲಿಮಿಪಿರೈಡ್ ಪ್ರಮಾಣ ಇಳಿಸಿ ಇಫ್ತಾರ್‌ಗೆ ಸರಿಸುವುದು ಒಂದು ರೂಢಿ. ಯಾವುದನ್ನೂ ನೀವೇ ಮನೆಯಲ್ಲಿ ಮುರಿದು ಅರ್ಧ ಮಾಡಬೇಡಿ. ದಪಾಗ್ಲಿಫ್ಲೋಜಿನ್ ಥರದ, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಯನ್ನು ಯಾರಾದರೂ ಹೊಸದಾಗಿ ಬರೆದುಕೊಟ್ಟರೆ, ರೋಜಾ ವಿಷಯ ಹೇಳಿ ಇನ್ನೊಮ್ಮೆ ಕೇಳಿ. ಅದು ನೀರನ್ನೂ ಹೊರಹಾಕುತ್ತದೆ. ರಂಜಾನ್ ಹತ್ತಿರ ಬಂದಾಗ ಅದನ್ನು ಶುರು ಮಾಡದಿರುವುದು ಒಳ್ಳೆಯದು.

ಔಷಧಿ ಬದಲಾದ ಮೇಲೆ ಶಾಬಾನ್‌ನಲ್ಲಿ ಎರಡು ನಫಿಲ್ (ಕಡ್ಡಾಯವಲ್ಲದ) ರೋಜಾ ಇಟ್ಟು ನೋಡಲಿ. ಅವ್ವನಿಗೆ ಅದು ಪುಣ್ಯ, ನಮಗೆ ಅದು ಪರೀಕ್ಷೆ. ಆ ಎರಡು ದಿನ ಸಹರಿಗೆ ಮುಂಚೆ, ಹತ್ತು ಗಂಟೆಗೆ, ಮಧ್ಯಾಹ್ನ ಜೊಹರ್ ಹೊತ್ತಿಗೆ, ಅಸರ್ ಹೊತ್ತಿಗೆ, ಇಫ್ತಾರ್‌ಗೆ ಮುಂಚೆ, ಇಫ್ತಾರ್ ಆದ ಎರಡು ಗಂಟೆಗೆ ಸಕ್ಕರೆ ನೋಡಿ ಬರೆದಿಡಿ. 70ಕ್ಕಿಂತ ಕೆಳಗೆ ಬಂದರೆ, 300 ದಾಟಿದರೆ, ಅಥವಾ ಅಂಕಿ ಏನೇ ಇರಲಿ ಮೈಗೆ ಸರಿಯಿಲ್ಲ ಅನ್ನಿಸಿದರೆ ರೋಜಾ ಅಲ್ಲಿಗೆ ನಿಲ್ಲಬೇಕು. ಇಫ್ತಾರ್‌ಗೆ ಹತ್ತೇ ನಿಮಿಷ ಇದ್ದರೂ ನಿಲ್ಲಬೇಕು. ಈ ಮಾತನ್ನು ಅವ್ವ ಮೌಲಾನಾ ಅವರ ಎದುರಿಗೆ ಒಪ್ಪಿಕೊಳ್ಳಲಿ. ಎರಡು ದಿನದಲ್ಲಿ ಒಂದು ದಿನ ಸಕ್ಕರೆ ಕೆಳಗೆ ಬಂದರೂ ಮೂರನೇ ದಾರಿ ಮುಚ್ಚಿತು ಅಂತ ತಿಳಿಯಿರಿ.

ಸಹರಿಯ ಚಹಾ-ಬಿಸ್ಕೀಟು ಮಾತ್ರ ಯಾವ ದಾರಿಯಲ್ಲೂ ಬೇಡ. ಸಹರಿಯಲ್ಲಿ ಬರಕತ್ (ಶುಭ) ಇದೆ ಅಂತ ಪ್ರವಾದಿಯವರ ಮಾತೇ ಇದೆ, ಅದನ್ನು ತಡವಾಗಿ, ಫಜ್ರ್‌ಗೆ ಹತ್ತಿರ ಉಣ್ಣುವುದು ಸುನ್ನತ್, ಅಂದರೆ ಪ್ರವಾದಿಯವರ ರೂಢಿ. ದೇಹಕ್ಕೂ ಅದೇ ಒಳ್ಳೆಯದು. ನಮ್ಮ ಕಡೆಯ ಊಟಕ್ಕಿಂತ ಬೇರೆ ಹುಡುಕುವುದೇ ಬೇಡ. ಒಂದೂವರೆ ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ ಅಥವಾ ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಸೌತೆಕಾಯಿ. ಇದು ನಿಧಾನವಾಗಿ ಕರಗುತ್ತದೆ. ಅನ್ನವೋ ಬಿಸ್ಕೀಟೋ ಬೇಗ ಏರಿಸಿ ಬೇಗ ಇಳಿಸುತ್ತವೆ.

ಇಫ್ತಾರ್‌ಗೆ ಒಂದೆರಡು ಖರ್ಜೂರ, ನೀರು. ಪ್ರವಾದಿಯವರ ರೂಢಿಯೂ ಅಷ್ಟೇ ಸರಳ. ಮೂರು ಖರ್ಜೂರ ಅಂದರೆ ಹೆಚ್ಚುಕಮ್ಮಿ ಮೂರು ಚಮಚ ಸಕ್ಕರೆ. ಅದರ ಮೇಲೆ ಗುಲಾಬಿ ಶರಬತ್ತು, ಭಜಿ, ಸಮೋಸಾ ಎಲ್ಲಾ ಒಟ್ಟಿಗೆ ಬಿದ್ದರೆ ರಾತ್ರಿ ಒಂಬತ್ತಕ್ಕೆ 350. ಖರ್ಜೂರ-ನೀರು ಆಗಲಿ, ಮಗ್ರಿಬ್ ನಮಾಜ್ ಮಾಡಲಿ, ಆಮೇಲೆ ಮಾಮೂಲಿ ಊಟ. ಇಂಡಿ ಲಿಂಬೆ ಹಿಂಡಿದ ನೀರು, ಸಕ್ಕರೆ ಇಲ್ಲದೆ, ಚಿಟಿಕೆ ಉಪ್ಪು ಹಾಕಿ ಕೊಡಿ. ಮಲಗುವವರೆಗೆ ಸ್ವಲ್ಪಸ್ವಲ್ಪವೇ ನೀರು ಕುಡಿಯುತ್ತಿರಲಿ. ಇಪ್ಪತ್ತು ರಕಾತ್ ತರಾವೀಹ್ ಒಳ್ಳೆಯ ವ್ಯಾಯಾಮವೇ, ಬೇರೆ ನಡಿಗೆ ಬೇಕಿಲ್ಲ. ರೋಜಾ ದಿನ ಮಧ್ಯಾಹ್ನದ ಮೇಲೆ ಕಂಡಿಕೆ ಕೆಲಸ ಬೇಡ, ಬೆಳಿಗ್ಗೆಯೇ ಮುಗಿಸಲಿ.

ಕೊನೆಗೆ ತುಂಬಾ ಜನ ಮರೆಯುವ ಒಂದು ವಿಷಯ. ರಂಜಾನ್‌ಗೆ ಅಂತ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿದರೆ, ಅದನ್ನು ವಾಪಸ್ ಯಾವಾಗ ಹೇಗೆ ತರಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಈದ್ ಬೆಳಿಗ್ಗೆ ಹತ್ತು ಮನೆಯ ಶೀರ್ ಖುರ್ಮಾ, ಮಾತ್ರೆ ಮಾತ್ರ ಇನ್ನೂ ಇಫ್ತಾರ್ ಹೊತ್ತಿಗೇ ಕಾಯುತ್ತಿರುತ್ತದೆ. ನಮ್ಮಲ್ಲಿ ಈದ್ ಆದ ವಾರ ಹೆಚ್ಚು ಸಕ್ಕರೆಯವರ ಸಾಲೇ ಉದ್ದ. ಆ ಚೀಟಿಯನ್ನು ಗೋಡೆಯ ರಂಜಾನ್ ಟೈಮ್‌ಟೇಬಲ್ ಪಕ್ಕದಲ್ಲೇ ಅಂಟಿಸಿಡಿ. ಈದ್ ದಿನ ಬೆಳಿಗ್ಗೆ ಮೊದಲು ಸಕ್ಕರೆ ನೋಡಿ, ಮಾತ್ರೆ ಕೊಡಿ, ಆಮೇಲೆ ಅರ್ಧ ಬಟ್ಟಲು ಶೀರ್ ಖುರ್ಮಾ ನಿಮ್ಮ ಕೈಯಾರೆ ಅವ್ವನಿಗೆ ಕೊಡಿ.